ಕೈ ಆಡಿದರೂ ನಾಡಿ ತಪ್ಪದಂತೆ: ಮಣಿಕಟ್ಟಿನ ಸೆನ್ಸರ್‌ನಲ್ಲಿ ಅಲುಗಾಟದ ನಾಯ್ಸ್ ತಗ್ಗಿಸುವ ಬಗೆ

ಮಣಿಕಟ್ಟಿಗೆ ಕಟ್ಟುವ ನಾಡಿ ಸೆನ್ಸರ್ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೇ ಬಂದು ನಿಲ್ಲುತ್ತಾರೆ. ಕೈಯನ್ನು ಮೇಜಿನ ಮೇಲಿಟ್ಟು ಕುಳಿತಾಗ ಅಲೆ ಅಚ್ಚುಕಟ್ಟಾಗಿ ಏರಿಳಿಯುತ್ತದೆ, ತೆರೆಯಲ್ಲಿ 72 ಕಾಣುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ 110, ಆಮೇಲೆ 54, ಆಮೇಲೆ 160. ಆಗ ಹೆಚ್ಚಿನವರು ಕೋಡ್ ತೆರೆದು ಫಿಲ್ಟರ್ ಮೇಲೆ ಫಿಲ್ಟರ್ ಹಾಕುತ್ತಾರೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲ್ಲ. ಮೊದಲು ಪಟ್ಟಿ ಮತ್ತು ಚರ್ಮ, ಆಮೇಲೆ ಬೆಳಕು, ಆಮೇಲೆ ಎರಡು ಸೆನ್ಸರ್‌ಗಳ ಸಮಯದ ಹೊಂದಿಕೆ. ಇವಿಷ್ಟೂ ಸರಿಯಾದ ಮೇಲೆ ಫಿಲ್ಟರ್.

ಫಿಲ್ಟರ್ ಒಂದರಿಂದಲೇ ಏಕೆ ಆಗದು

ಎಲ್‌ಇಡಿ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ, ಚದುರಿ ಮರಳಿ ಬಂದದ್ದನ್ನು ಫೋಟೋಡಯೋಡ್ ಅಳೆಯುತ್ತದೆ. ಪ್ರತಿ ಬಡಿತಕ್ಕೆ ಸಣ್ಣ ರಕ್ತನಾಳಗಳು ಉಬ್ಬಿ ಬೆಳಕನ್ನು ತುಸು ಹೆಚ್ಚು ಹೀರುತ್ತವೆ. ಆ 'ತುಸು' ಎಷ್ಟೆಂದು ಲೆಕ್ಕ ಹಾಕಿ ನೋಡಿ. ಸೆನ್ಸರ್‌ನ ಓದು, ಅಂದರೆ ಅದು ಕೊಡುವ ಅಂಕಿ, 1,50,000 ಇದೆ ಎಂದಿಟ್ಟುಕೊಳ್ಳೋಣ. ಬೆರಳ ತುದಿಗಿಂತ ಮಣಿಕಟ್ಟಿನಲ್ಲಿ ನಾಡಿಯ ಏರಿಳಿತ ಬಹಳ ಸಣ್ಣದು, ಹಲವು ಬಾರಿ ಶೇ 1 ಕೂಡ ಇರುವುದಿಲ್ಲ. ಶೇ 0.5 ಆದರೆ ನಮಗೆ ಬೇಕಾದ ಅಲೆಯ ಎತ್ತರ 750. ಪಟ್ಟಿ ಒಂಚೂರು ಜಾರಿ ಓದು ಶೇ 5ರಷ್ಟು ಬದಲಾದರೆ ಅದು 7,500. ಬೇಡದ್ದು ಬೇಕಾದದ್ದರ ಹತ್ತು ಪಟ್ಟು.

ದೊಡ್ಡದಾಗಿದ್ದರೂ ಬೇರೆ ಫ್ರೀಕ್ವೆನ್ಸಿಯಲ್ಲಿದ್ದಿದ್ದರೆ ಸೋಸಿ ತೆಗೆಯಬಹುದಿತ್ತು. ಹಾಗಿಲ್ಲ. ಹೃದಯ ನಿಮಿಷಕ್ಕೆ 42ರಿಂದ 210 ಸಲ ಬಡಿಯುತ್ತದೆ ಎಂದರೆ 0.7ರಿಂದ 3.5 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ). ನಿಮಿಷಕ್ಕೆ 100ರಿಂದ 120 ಹೆಜ್ಜೆಯ ನಡಿಗೆ 1.7ರಿಂದ 2 ಹರ್ಟ್ಸ್. 150ರಿಂದ 180 ಹೆಜ್ಜೆಯ ಓಟ 2.5ರಿಂದ 3 ಹರ್ಟ್ಸ್. ಕೈ ಬೀಸುವುದು ಹೆಜ್ಜೆಯ ಅರ್ಧ ವೇಗದಲ್ಲಿ, ಅದೂ ಈ ವ್ಯಾಪ್ತಿಯೊಳಗೇ ಬೀಳುತ್ತದೆ. ರೊಟ್ಟಿ ತಟ್ಟುವ ಲಯ, ಬಟ್ಟೆ ತಿಕ್ಕುವ ಲಯ ಎಲ್ಲವೂ ಅಲ್ಲೇ. 0.5ರಿಂದ 4 ಹರ್ಟ್ಸ್ ನಡುವಿನದನ್ನು ಮಾತ್ರ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿದರೆ ನಾಡಿಯ ಜೊತೆಗೆ ನಡಿಗೆಯೂ ಆರಾಮವಾಗಿ ದಾಟಿ ಬರುತ್ತದೆ.

ಈ ನಾಯ್ಸ್, ಅಂದರೆ ಬೇಡದ ಅಲೆ, ಮೂರು ದಾರಿಯಿಂದ ಬರುತ್ತದೆ. ಒಂದು, ಸೆನ್ಸರ್ ಚರ್ಮದ ಮೇಲೆ ಜಾರುವುದು ಅಥವಾ ಎದ್ದು ಕೂರುವುದು. ಎರಡು, ಕೈ ಬೀಸಿದಾಗ, ಎತ್ತಿದಾಗ ಸಿರೆಗಳಲ್ಲಿನ ರಕ್ತವೇ ಅತ್ತಿತ್ತ ತುಳುಕುವುದು. ಮೂರು, ಮುಷ್ಟಿ ಬಿಗಿದಾಗ, ಬೆರಳಾಡಿಸಿದಾಗ ಚರ್ಮದಡಿಯ ಸ್ನಾಯುರಜ್ಜುಗಳು ಸರಿದಾಡಿ ಒತ್ತಡ ಬದಲಾಗುವುದು. ಮೊದಲೆರಡನ್ನು ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಒಂದು ಮಟ್ಟಿಗೆ ಗುರುತಿಸುತ್ತದೆ. ಮೂರನೆಯದು ಅದಕ್ಕೆ ಕಾಣುವುದೇ ಇಲ್ಲ, ಏಕೆಂದರೆ ಕೈ ಇದ್ದಲ್ಲೇ ಇರುತ್ತದೆ. ಕೀಬೋರ್ಡ್ ಕುಟ್ಟುವಾಗ, ಬೈಕಿನ ಹ್ಯಾಂಡಲ್ ಹಿಡಿದು ಕ್ಲಚ್ ಒತ್ತುವಾಗ ಲೆಕ್ಕ ತಪ್ಪುವುದು ಇದರಿಂದ. ಕೋಡ್ ಇದಕ್ಕೆ ಅಷ್ಟಾಗಿ ನೆರವಾಗದು, ಕಟ್ಟುವ ಜಾಗ ಮತ್ತು ಕಟ್ಟುವ ರೀತಿಯೇ ಮದ್ದು.

ಸಾಮಾನು

ಮಣಿಕಟ್ಟಿಗೆ ಹಸಿರು ಬೆಳಕು ಬೇಕು. ಹಸಿರು ಚರ್ಮದ ಮೇಲುಪದರದಲ್ಲೇ ಉಳಿಯುತ್ತದೆ, ರಕ್ತವೂ ಅದನ್ನು ಚೆನ್ನಾಗಿ ಹೀರುತ್ತದೆ. ಕೆಂಪು ಮತ್ತು ಇನ್‌ಫ್ರಾರೆಡ್ ಆಳಕ್ಕಿಳಿದು ಸ್ನಾಯು, ಸಿರೆಗಳ ಸರಿದಾಟವನ್ನೆಲ್ಲ ಹೊತ್ತು ತರುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮ್ಯಾಕ್ಸ್30102ರಲ್ಲಿ ಇರುವುದು 660 ನ್ಯಾನೋಮೀಟರ್‌ನ ಕೆಂಪು, 880 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಎರಡೇ. ಬೆರಳಿಗೆ ಅದು ಸಾಕು, ನಡೆದಾಡುವ ಮಣಿಕಟ್ಟಿಗೆ ಸಾಲದು. ಇವೆರಡರ ಜೊತೆ ಹಸಿರೂ ಇರುವ ಮ್ಯಾಕ್ಸ್30101 ಅಥವಾ ಮ್ಯಾಕ್ಸ್30105 ತೆಗೆದುಕೊಳ್ಳಿ. ಮೂರರ ರಿಜಿಸ್ಟರ್‌ಗಳೂ (ಚಿಪ್ಪಿನ ಹೊಂದಾಣಿಕೆ ಬರೆಯುವ ಖಾನೆಗಳು) ಹೆಚ್ಚು ಕಡಿಮೆ ಒಂದೇ. ಕೆಳಗಿನ ವಿವರವೆಲ್ಲ 30105ಕ್ಕೆ ಬರೆದದ್ದು.

ಜೊತೆಗೆ ಎಂಪಿಯು6050 ಅಥವಾ ಲಿಸ್3ಡಿಎಚ್ ಆಕ್ಸಿಲರೋಮೀಟರ್, ಕೋಡ್ ಓಡಿಸುವ ಒಂದು ಇಎಸ್‌ಪಿ32 ಬೋರ್ಡ್, 1 ಮಿಲಿಮೀಟರ್ ದಪ್ಪದ ಕಪ್ಪು ಇವಿಎ ಫೋಮ್ ಶೀಟ್, ದರ್ಜಿಯವರು ಬಳಸುವ 20ರಿಂದ 25 ಮಿಲಿಮೀಟರ್ ಅಗಲದ ಎಲಾಸ್ಟಿಕ್, ವೆಲ್ಕ್ರೋ, ಸಿಲಿಕೋನ್ ಹೊದಿಕೆಯ ಮೆತ್ತನೆಯ ಸಣ್ಣ ವೈರ್. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲೆಕ್ಟ್ರಾನಿಕ್ಸ್ ಭಾಗವೆಲ್ಲ ಮುಗಿಯುತ್ತದೆ.

ಅಗ್ಗದ ಮ್ಯಾಕ್ಸ್30102 ಬೋರ್ಡ್‌ಗಳಲ್ಲಿ ಒಂದು ಮಾಮೂಲಿ ತೊಂದರೆ ಇದೆ, ಅಂಥದ್ದನ್ನೇ ಇಟ್ಟುಕೊಂಡಿರುವವರಿಗೆ ಇದು ಗೊತ್ತಿರಲಿ. ಕೆಲವು ಬೋರ್ಡ್‌ಗಳಲ್ಲಿ ಡೇಟಾ ಸಾಗಿಸುವ ಐ2ಸಿ ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್‌ಗಳನ್ನು 1.8 ವೋಲ್ಟ್‌ಗೆ ಕಟ್ಟಿರುತ್ತಾರೆ. 3.3 ವೋಲ್ಟ್‌ನಲ್ಲಿ ಓಡುವ ಇಎಸ್‌ಪಿ32ಕ್ಕೆ 'ಹೈ' ಎನಿಸಲು ಸುಮಾರು 2.5 ವೋಲ್ಟ್ ಬೇಕು. ಹಾಗಾಗಿ ಸೆನ್ಸರ್ ಸಿಗುವುದೇ ಇಲ್ಲ, ಅಥವಾ ಸಿಕ್ಕರೂ ಕೈ ಆಡಿಸಿದಾಗ ಕೈಕೊಡುತ್ತದೆ. ಬೋರ್ಡಿನ ಮೇಲೆ 1.8 ಮತ್ತು 3.3 ಆರಿಸುವ ಬೆಸುಗೆ ಜಂಪರ್ ಇದ್ದರೆ 3.3ಕ್ಕೆ ಬದಲಿಸಿ. ಇಲ್ಲದಿದ್ದರೆ ಆ ಪುಲ್‌ಅಪ್‌ಗಳನ್ನು ಕಿತ್ತು, 4.7 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಹೊರಗಿನಿಂದ 3.3 ವೋಲ್ಟ್‌ಗೆ ಹಾಕಿ.

ಮೊದಲು ರಬ್ಬರಿನ ಪರೀಕ್ಷೆ

ಕೈಗೆ ಕಟ್ಟುವ ಮುಂಚೆ ಇದನ್ನು ಮಾಡಿ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನ ಮೇಲೆ ಸೆನ್ಸರ್ ಇಟ್ಟು ಕಪ್ಪು ಟೇಪಿನಿಂದ ಬಿಗಿಯಾಗಿ ಸುತ್ತಿ. ಓದು ತುಂಬಿ ಹೋಗದಂತೆ ಎಲ್‌ಇಡಿ ಕರೆಂಟ್ ಇಳಿಸಿ, ಒಂದು ನಿಮಿಷ ಸುಮ್ಮನೆ ಬಿಡಿ. ಆಮೇಲೆ ರಬ್ಬರು, ಸೆನ್ಸರ್, ವೈರ್ ಎಲ್ಲವನ್ನೂ ಸೇರಿಸಿ ಹಿಡಿದು ಸೆಕೆಂಡಿಗೆ ಎರಡು ಸಲದಂತೆ ಅಲ್ಲಾಡಿಸಿ. ರಬ್ಬರಿಗೆ ನಾಡಿಯಿಲ್ಲ, ರಕ್ತವಿಲ್ಲ. ಈಗ ಕಾಣುವ ಅಲೆಯೆಲ್ಲ ನೀವು ಕಟ್ಟಿದ್ದರಲ್ಲಿರುವ ದೋಷ.

ಓದು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದರೆ ಅಥವಾ ಒಂದೇ ಅಂಕಿಯಲ್ಲಿ ನಿಂತರೆ ವೈರ್ ಸಡಿಲ. ಬ್ರೆಡ್‌ಬೋರ್ಡಿನ ಜಂಪರ್ ವೈರ್ ಮೈಮೇಲೆ ತೊಡುವ ಯಾವುದಕ್ಕೂ ಆಗುವುದಿಲ್ಲ. ನೇರವಾಗಿ ಬೆಸುಗೆ ಹಾಕಿ, ಬೆಸುಗೆಯ ಪಕ್ಕದಲ್ಲಿ ವೈರ್‌ಗೆ ಒಂದು ಸಣ್ಣ ಸುತ್ತು ಕೊಟ್ಟು ಗ್ಲೂ ಗನ್‌ನಿಂದ ಕೂರಿಸಿ. ಅಲೆ ನಿಧಾನವಾಗಿ ಏರಿಳಿಯುತ್ತಿದ್ದು, ಕೋಣೆಯ ದೀಪ ಆರಿಸಿದರೆ ನಿಂತರೆ ಹೊರಗಿನ ಬೆಳಕು ಒಳನುಗ್ಗುತ್ತಿದೆ. ಅಲ್ಲಾಡಿಸದಿದ್ದಾಗಲೂ ಆಗಾಗ ಸೂಜಿಯಂಥ ನೆಗೆತ ಬಂದರೆ ಇಎಸ್‌ಪಿ32ರ ವೈಫೈ ಕಡೆ ನೋಡಿ. ಅದು ಕಳಿಸುವ ಗಳಿಗೆಯಲ್ಲಿ ನೂರಾರು ಮಿಲಿಆಂಪ್ ಎಳೆದು ವೋಲ್ಟೇಜ್ ಕುಸಿಯುತ್ತದೆ. ಎಲ್‌ಇಡಿಯ ಸಪ್ಲೈ ಪಿನ್ ಹತ್ತಿರವೇ 10 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ, ಸೆನ್ಸರ್‌ಗೆ ಬೇರೆಯೇ ರೆಗ್ಯುಲೇಟರ್ ಕೊಡಿ. ಸಾಧ್ಯವಿದ್ದರೆ ಡೇಟಾವನ್ನು ಕೂಡಿಟ್ಟು ಹತ್ತು ಸೆಕೆಂಡಿಗೊಮ್ಮೆ ಕಳಿಸಿ. ರಬ್ಬರಿನ ಮೇಲೆ ಗೆರೆ ಚಪ್ಪಟೆಯಾಗುವ ತನಕ ಮುಂದಕ್ಕೆ ಹೋಗಬೇಡಿ.

ಪಟ್ಟಿ, ಒತ್ತಡ, ಜಾಗ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಸಿಗುವುದು ಈ ಹಂತದಲ್ಲಿ, ಅತಿ ಕಡಿಮೆ ಗಮನ ಸಿಗುವುದೂ ಇದಕ್ಕೇ.

ಜಾಗದಿಂದ ಶುರು ಮಾಡಿ. ಮಣಿಕಟ್ಟಿನ ಹೊರಬದಿಯಲ್ಲಿ, ಕಿರುಬೆರಳ ಕಡೆ ಉಬ್ಬಿದ ಮೂಳೆ ಇದೆಯಲ್ಲ, ಅದಕ್ಕಿಂತ ಒಂದೆರಡು ಬೆರಳಗಲ ಮೊಣಕೈ ಕಡೆಗೆ ಸೆನ್ಸರ್ ಕೂರಬೇಕು. ಮೂಳೆಯ ಮೇಲೆ ಕಟ್ಟಿದರೆ ಕೈ ಮಡಚಿದಾಗಲೆಲ್ಲ ಒಂದು ಅಂಚು ಏಳುತ್ತದೆ. ಮಣಿಕಟ್ಟಿನ ಒಳಬದಿಯಲ್ಲಿ ನಾಡಿ ಚೆನ್ನಾಗಿ ಸಿಗಬಹುದು ಅನಿಸುತ್ತದೆ, ಆದರೆ ಬೆರಳು ಮಡಚುವ ಸ್ನಾಯುರಜ್ಜುಗಳೆಲ್ಲ ಹಾದುಹೋಗುವುದು ಅಲ್ಲೇ. ಕುಳಿತು ಅಳೆಯಲು ಸರಿ, ಓಡಾಡುವಾಗ ಬೇಡ. ಇನ್ನೂ ಉತ್ತಮ ಜಾಗ ಬೇಕಾದರೆ ಮೊಣಕೈಗೆ ಸ್ವಲ್ಪ ಕೆಳಗಿನ ಮುಂದೋಳು ಅಥವಾ ತೋಳಿನ ಮೇಲ್ಭಾಗ. ಅಲ್ಲಿ ಬೀಸು ಕಡಿಮೆ, ರಜ್ಜುಗಳ ಕಾಟ ಕಡಿಮೆ, ಚಳಿಗೆ ರಕ್ತನಾಳ ಮುದುಡುವುದೂ ಕಡಿಮೆ. ವಾಚಿನ ರೂಪವೇ ಬೇಕೆಂಬ ಹಟ ಇಲ್ಲದಿದ್ದರೆ ತೋಳಿಗೇ ಕಟ್ಟಿ, ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಬಳೆ, ದಾರ, ಕಡಗ ಅದೇ ಕೈಯಲ್ಲಿದ್ದರೆ ತೆಗೆಯಿರಿ ಅಥವಾ ಇನ್ನೊಂದು ಕೈಗೆ ಕಟ್ಟಿ. ಪ್ರತಿ ಹೆಜ್ಜೆಗೂ ಬಳೆ ಬಂದು ಸೆನ್ಸರ್ ಪೆಟ್ಟಿಗೆಗೆ ಬಡಿದರೆ ಹೆಜ್ಜೆಯ ಲಯವೇ ಸಿಗ್ನಲ್‌ಗೆ ಇಳಿಯುತ್ತದೆ. ಬಳೆ ತೆಗೆಯಲೊಪ್ಪದವರಿಗೆ ಮುಂದೋಳೇ ಸರಿಯಾದ ಜಾಗ.

ಇನ್ನು ಕೂರಿಸುವುದು. ಸೆನ್ಸರ್ ಚಿಪ್ಪಿನ ಎತ್ತರ 1.55 ಮಿಲಿಮೀಟರ್. 1 ಮಿಲಿಮೀಟರ್ ಫೋಮಿನಲ್ಲಿ ಚಿಪ್ಪಿನ ಅಳತೆಗೆ ಸರಿಯಾಗಿ ಕಿಂಡಿ ಕೊರೆದು ಸುತ್ತ ಕನಿಷ್ಠ 8 ಮಿಲಿಮೀಟರ್ ಅಂಚು ಬಿಟ್ಟು ಅಂಟಿಸಿ. ಚಿಪ್ಪು ಫೋಮಿನಿಂದ ಅರ್ಧ ಮಿಲಿಮೀಟರ್‌ನಷ್ಟು ಹೊರಗೆ ನಿಲ್ಲುತ್ತದೆ. ಆ ಉಬ್ಬು ಚರ್ಮಕ್ಕೆ ಹದವಾಗಿ ಒತ್ತಿಕೊಳ್ಳುತ್ತದೆ, ಫೋಮು ಹೊರಬೆಳಕನ್ನು ತಡೆದು ಜಾರುವುದನ್ನೂ ಹಿಡಿಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ರೆಗ್ಯುಲೇಟರ್, ಕೆಪಾಸಿಟರ್‌ಗಳು ಸೆನ್ಸರ್ ಇರುವ ಬದಿಯಲ್ಲೇ ಇರುತ್ತವೆ. ಅವು ಚಿಪ್ಪಿಗಿಂತ ಎತ್ತರವಿದ್ದರೆ ಚಿಪ್ಪು ಚರ್ಮ ಮುಟ್ಟುವುದೇ ಇಲ್ಲ, ಅಂಥ ಬೋರ್ಡು ಈ ಕೆಲಸಕ್ಕಲ್ಲ. ಬೆಸುಗೆಯ ಜಾಗಗಳಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯಿರಿ, ಬೆವರು ಇಳಿದರೆ ಐ2ಸಿ ತಂತಿಗಳು ಒಂದಕ್ಕೊಂದು ಸೇರಿದಂತಾಗುತ್ತವೆ. ಚಿಪ್ಪಿನ ಗಾಜಿನ ಕಿಂಡಿಗೆ ಮಾತ್ರ ಏನೂ ತಾಗಬಾರದು.

ಪಟ್ಟಿ ಹಿಗ್ಗುವಂಥದ್ದೇ ಇರಲಿ. ಬಿಗಿಯಾದ ಚರ್ಮದ ಬೆಲ್ಟು ಕೈ ಮಡಚಿದಾಗ ಒಮ್ಮೆ ಅದುಮುತ್ತದೆ, ಒಮ್ಮೆ ಸಡಿಲವಾಗುತ್ತದೆ. ಎಲಾಸ್ಟಿಕ್ ಎರಡೂ ಹೊತ್ತು ಹೆಚ್ಚು ಕಡಿಮೆ ಒಂದೇ ಒತ್ತಡ ಕೊಡುತ್ತದೆ. ಬಿಗಿ ನೋಡುವುದು ಹೀಗೆ: ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಸರಿಸಿ. ಚರ್ಮವೂ ಜೊತೆಗೇ ಸರಿದರೆ ಸರಿ, ಪೆಟ್ಟಿಗೆ ಮಾತ್ರ ಜಾರಿದರೆ ಸಡಿಲ. ಬೆರಳು ಜೋಮು ಹಿಡಿದರೆ, ಹಿಂಗೈ ಸಿರೆಗಳು ಉಬ್ಬಿದರೆ ಅತಿಬಿಗಿ. ಬಿಗಿ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಒಂದು ಮಿತಿ ದಾಟಿದರೆ ಸಣ್ಣ ನಾಳಗಳೇ ಮುಚ್ಚಿ ನಾಡಿಯ ಅಲೆ ಕುಗ್ಗುತ್ತದೆ. ವೆಲ್ಕ್ರೋವನ್ನು 3 ಮಿಲಿಮೀಟರ್‌ನಂತೆ ಬಿಗಿ ಮಾಡುತ್ತ, ಪ್ರತಿ ಸಲ 30 ಸೆಕೆಂಡ್ ಅಲೆಯ ಎತ್ತರ ಬರೆದುಕೊಳ್ಳಿ. ಎತ್ತರ ಏರುತ್ತ ಹೋಗಿ ಒಂದು ಕಡೆ ಇಳಿಯಲು ಶುರುವಾಗುತ್ತದೆ. ಇಳಿಯುವುದಕ್ಕೆ ಮುಂಚಿನ ಗುರುತೇ ನಿಮ್ಮ ಕೈಯ ಹದ. ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ.

ಪೆಟ್ಟಿಗೆ ಹಗುರವಾಗಿರಲಿ. ಬ್ಯಾಟರಿ ಮತ್ತು ಇಎಸ್‌ಪಿ32ನ್ನು ಸೆನ್ಸರ್ ಬೆನ್ನಿಗೇ ಹೇರಿದರೆ ಕೈ ಬೀಸಿದಾಗ ಆ ಭಾರವೇ ಸೆನ್ಸರನ್ನು ಎಳೆದಾಡುತ್ತದೆ. ಅವನ್ನು ಪಟ್ಟಿಯ ಇನ್ನೊಂದು ಬದಿಗೆ ಹಾಕಿ, ಸೆನ್ಸರ್ ಬದಿಯಲ್ಲಿ ಆಪ್ಟಿಕಲ್ ಚಿಪ್ಪು ಮತ್ತು ಆಕ್ಸಿಲರೋಮೀಟರ್ ಎರಡೇ ಇರಲಿ. ಅವೆರಡೂ ಒಂದೇ ಗಟ್ಟಿ ಹಲಗೆಗೆ ಅಂಟಿರಬೇಕು. ಆಕ್ಸಿಲರೋಮೀಟರ್ ಬೇರೆಲ್ಲೋ ನೇತಾಡುತ್ತಿದ್ದರೆ ಅದು ಹೇಳುವುದು ತನ್ನ ಅಲುಗಾಟವನ್ನು. ನಮಗೆ ಬೇಕಾದದ್ದು ಸೆನ್ಸರ್‌ನ ಅಲುಗಾಟ.

ಕಟ್ಟಿದ ಮೇಲೆ ಎರಡು ಮೂರು ನಿಮಿಷ ಬಿಡಿ. ಚರ್ಮ ಬೆಚ್ಚಗಾಗಿ, ತುಸು ತೇವವಾಗಿ ಸಿಗ್ನಲ್ ತಾನಾಗಿ ಸುಧಾರಿಸುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಮುಂಜಾವಿನ ಚಳಿಯಲ್ಲಿ ಓಡುವವರು ಒಳಗೆ ಮೈ ಬೆಚ್ಚಗೆ ಮಾಡಿಕೊಂಡೇ ಹೊರಡಲಿ. ತಣ್ಣಗಿನ ಕೈಯಲ್ಲಿ ಅಲೆಯೇ ಇರುವುದಿಲ್ಲ, ಇದ್ದದ್ದೆಲ್ಲ ಅಲುಗಾಟ.

ಬೆಳಕಿನ ಹದ

ಓದಿನ ಪೂರ್ಣ ಮಿತಿ 18 ಬಿಟ್‌ಗೆ 2,62,143. ಸುಮ್ಮನೆ ಕುಳಿತಾಗ ಓದು 1,20,000ದಿಂದ 1,80,000 ನಡುವೆ ಇರುವಂತೆ ಎಲ್‌ಇಡಿ ಕರೆಂಟ್ ಹೊಂದಿಸಿ. ಅದಕ್ಕಿಂತ ಮೇಲಿದ್ದರೆ ಕೈ ಆಡಿದಾಗ ಓದು ನೆತ್ತಿಗೆ ತಾಗಿ ಚಪ್ಪಟೆಯಾಗುತ್ತದೆ, ಚಪ್ಪಟೆಯಾದ ಜಾಗದಲ್ಲಿ ಇದ್ದ ನಾಡಿಯನ್ನು ಯಾವ ಫಿಲ್ಟರೂ ಮರಳಿ ತಾರದು. ಕರೆಂಟನ್ನು ಹೆಕ್ಸ್ (16ರ ಆಧಾರದ ಎಣಿಕೆ) 1ಎಫ್‌ನಿಂದ, ಅಂದರೆ ಸುಮಾರು 6 ಮಿಲಿಆಂಪ್‌ನಿಂದ ಶುರು ಮಾಡಿ. ಕಪ್ಪು ಚರ್ಮದಲ್ಲಿ ಮೆಲನಿನ್ ಹಸಿರನ್ನು ಹೆಚ್ಚು ಹೀರುತ್ತದೆ, ಹಾಗಾಗಿ ನಮ್ಮಲ್ಲಿ ಹಲವರಿಗೆ ಹೆಕ್ಸ್ 3ಎಫ್ ಅಥವಾ 7ಎಫ್ ತನಕ ಏರಿಸಬೇಕಾಗುತ್ತದೆ. ಒಬ್ಬರ ಕೈಗೆ ಹೊಂದಿಸಿದ ಅಂಕಿಯನ್ನು ಕೋಡಿನಲ್ಲಿ ಕಾಯಂ ಮಾಡಬೇಡಿ, ಪ್ರತಿ ಸಲ ಕಟ್ಟಿದಾಗ ಹತ್ತು ಸೆಕೆಂಡ್ ತೆಗೆದುಕೊಂಡು ತಾನೇ ಹೊಂದಿಸಿಕೊಳ್ಳುವಂತೆ ಬರೆಯಿರಿ. ಆಮೇಲೆ ಅಳತೆಯ ನಡುವೆ ಕರೆಂಟ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಆ ಬದಲಾವಣೆ ಬಿದ್ದ ಎಂಟು ಸೆಕೆಂಡಿನ ಕಿಟಕಿಯ (ಇದರ ವಿವರ ಮುಂದಿದೆ) ಡೇಟಾ ಬಿಟ್ಟುಬಿಡಿ.

ರಿಜಿಸ್ಟರ್‌ಗಳು ಹೀಗೆ. 09ಕ್ಕೆ 07 ಬರೆದರೆ ಬಹು ಎಲ್‌ಇಡಿ ಮೋಡ್. 11ಕ್ಕೆ 23 ಬರೆದರೆ ಮೊದಲ ಸರದಿ ಹಸಿರಿಗೆ, ಎರಡನೆಯದು ಇನ್‌ಫ್ರಾರೆಡ್‌ಗೆ. 0ಎಗೆ 2ಎಫ್ ಬರೆದರೆ 4096 ನ್ಯಾನೋಆಂಪ್ ವ್ಯಾಪ್ತಿ, ಸೆಕೆಂಡಿಗೆ 400 ಮಾದರಿ (ಓದು), 411 ಮೈಕ್ರೋಸೆಕೆಂಡ್ ಪಲ್ಸ್. 08ಕ್ಕೆ 50 ಬರೆದರೆ ನಾಲ್ಕು ಮಾದರಿಗಳ ಸರಾಸರಿ ತೆಗೆದು ಸೆಕೆಂಡಿಗೆ 100 ಕೊಡುತ್ತದೆ. ಇನ್‌ಫ್ರಾರೆಡ್ ಕರೆಂಟ್ 0ಡಿಯಲ್ಲಿ, ಹಸಿರಿನದು 0ಇಯಲ್ಲಿ. ರಿಜಿಸ್ಟರ್‌ನ ಸಂಖ್ಯೆ, ಅದಕ್ಕೆ ಬರೆಯುವ ಅಂಕಿ ಎರಡೂ ಹೆಕ್ಸ್‌ನಲ್ಲಿವೆ, ಮುಂದೆಯೂ ಹಾಗೆಯೇ.

ನೇರವಾಗಿ 100 ತೆಗೆದುಕೊಳ್ಳದೆ 400 ತೆಗೆದು ಸರಾಸರಿ ಮಾಡುವುದಕ್ಕೆ ಕಾರಣವಿದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅದರಿಂದ ಉರಿಯುವ ದೀಪ ಮಿನುಗುವುದು 100 ಹರ್ಟ್ಸ್‌ನಲ್ಲಿ. ಸೆಕೆಂಡಿಗೆ ಸರಿಯಾಗಿ 100 ಸಲ ಓದಿದರೆ ಆ ಮಿನುಗು ನಿಧಾನದ ಅಲೆಯಾಗಿ ಮಡಚಿ ಬಂದು ನಾಡಿಯ ವ್ಯಾಪ್ತಿಯೊಳಗೇ ಕೂರಬಹುದು. ಚಿಪ್ಪಿನಲ್ಲಿ ಹೊರಬೆಳಕು ಕಳೆಯುವ ವ್ಯವಸ್ಥೆ ಇದೆ, ಆದರೆ ಅದಕ್ಕೂ ಮಿತಿಯಿದೆ. 02ನೇ ರಿಜಿಸ್ಟರ್‌ಗೆ 60 ಬರೆದಿಟ್ಟರೆ ಹೊಸ ಮಾದರಿ ಬಂದಾಗಲೂ, ಹೊರಬೆಳಕು ಮಿತಿ ಮೀರಿದಾಗಲೂ ಇಂಟರಪ್ಟ್, ಅಂದರೆ ಚಿಪ್ಪಿನಿಂದ ಬೋರ್ಡಿಗೆ ಸೂಚನೆ, ಸಿಗುತ್ತದೆ. ಎರಡನೆಯದು ಪದೇ ಪದೇ ಬಂದರೆ ಬಿಸಿಲಿನಲ್ಲಿ ಪಟ್ಟಿಯ ಅಂಚು ಏಳುತ್ತಿದೆ ಎಂದರ್ಥ.

ಎರಡೂ ಸೆನ್ಸರ್ ಒಂದೇ ಗಡಿಯಾರಕ್ಕೆ

ಆಪ್ಟಿಕಲ್ ಚಿಪ್ಪಿಗೆ ತನ್ನದೇ ಗಡಿಯಾರ, ಆಕ್ಸಿಲರೋಮೀಟರ್‌ಗೆ ತನ್ನದೇ. ಎರಡಕ್ಕೂ '100 ಹರ್ಟ್ಸ್' ಎಂದು ಹೇಳಿದರೂ ಒಂದು 99 ಕೊಡಬಹುದು, ಇನ್ನೊಂದು 101. ಒಂದು ನಿಮಿಷದಲ್ಲಿ ಅಲೆಗಳು ಒಂದಕ್ಕೊಂದು ಸೆಕೆಂಡಿಗಿಂತ ಹೆಚ್ಚು ಸರಿದುಹೋಗುತ್ತವೆ, ಆಮೇಲೆ ಮುಂದಿನ ಹಂತದ ಫಿಲ್ಟರ್ ಕೆಲಸ ಮಾಡದು. ಉಪಾಯ ಸರಳ: ಮ್ಯಾಕ್ಸ್ ಚಿಪ್ಪಿನ ಇಂಟರಪ್ಟ್ ಬಂದಾಗಲೇ ಆಕ್ಸಿಲರೋಮೀಟರನ್ನೂ ಓದಿ. ಐ2ಸಿ ವೇಗ 400 ಕಿಲೋಹರ್ಟ್ಸ್ ಇಟ್ಟರೆ ಎರಡನ್ನೂ ಓದಲು 10 ಮಿಲಿಸೆಕೆಂಡಿನ ಅವಧಿಯಲ್ಲಿ ಧಾರಾಳ ಹೊತ್ತಿದೆ. ಇಂಟರಪ್ಟ್ ಫಂಕ್ಷನ್ ಒಳಗೇ ಐ2ಸಿ ಓದಬೇಡಿ, ಅಲ್ಲಿ ಬಾವುಟ (ಫ್ಲ್ಯಾಗ್) ಮಾತ್ರ ಎತ್ತಿ, ಓದುವುದನ್ನು ಬೇರೆ ಟಾಸ್ಕ್‌ಗೆ ಬಿಡಿ.

ಎಂಪಿಯು6050ರಲ್ಲಿ 6ಬಿಗೆ 00 ಬರೆದು ಎಬ್ಬಿಸಿ. 1ಸಿಗೆ 08 ಬರೆದರೆ ವ್ಯಾಪ್ತಿ 4 ಜಿ (ಭೂಮಿಯ ಸೆಳೆತ 1 ಜಿ), ಒಂದು ಜಿಗೆ ಓದು 8192. 2 ಜಿ ವ್ಯಾಪ್ತಿ ನಡಿಗೆಗೆ ಸಾಕು, ಓಟದಲ್ಲಿ ತುಂಬಿ ಹೋಗುತ್ತದೆ. 1ಎಗೆ 03 ಬರೆದರೆ ಸುಮಾರು 44 ಹರ್ಟ್ಸ್‌ನ ಒಳ ಫಿಲ್ಟರ್.

ಈಗ ಫಿಲ್ಟರ್

ಎಲ್ಲ ಡೇಟಾ ಸಾಲುಗಳನ್ನೂ 25 ಹರ್ಟ್ಸ್‌ಗೆ ಇಳಿಸಿ: ನಾಲ್ಕು ನಾಲ್ಕು ಮಾದರಿಗಳ ಸರಾಸರಿ ತೆಗೆದರೆ ಸಾಕು. ಆಮೇಲೆ ಹಸಿರು, ಇನ್‌ಫ್ರಾರೆಡ್ ಮತ್ತು ಆಕ್ಸಿಲರೋಮೀಟರ್‌ನ ಮೂರೂ ಅಕ್ಷಗಳಿಗೆ 0.5ರಿಂದ 4 ಹರ್ಟ್ಸ್‌ನ ಒಂದೇ ಬಟರ್‌ವರ್ತ್ ಬಗೆಯ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ. ಐದಕ್ಕೂ ಅದೇ ಫಿಲ್ಟರ್ ಇರಬೇಕು. ಬೇರೆ ಬೇರೆ ಹಾಕಿದರೆ ಒಂದೊಂದು ಒಂದೊಂದು ಹೊತ್ತು ತಡವಾಗಿ, ಕಷ್ಟಪಟ್ಟು ತಂದ ಹೊಂದಿಕೆ ಕೆಡುತ್ತದೆ.

ಇಲ್ಲಿಂದ ಎರಡು ದಾರಿ. ಒಂದು ಎನ್‌ಎಲ್‌ಎಂಎಸ್ ಎಂಬ ಹೊಂದಿಕೊಳ್ಳುವ ಫಿಲ್ಟರ್. ಅಲುಗಾಟದಿಂದ ಸಿಗ್ನಲ್‌ನಲ್ಲಿ ಎಷ್ಟು ಭಾಗ ಹುಟ್ಟುತ್ತಿದೆ ಎಂದು ಅದು ಪ್ರತಿ ಮಾದರಿಗೂ ಅಂದಾಜು ಮಾಡಿ ಕಳೆಯುತ್ತದೆ. ಪ್ರತಿ ಅಕ್ಷಕ್ಕೆ 16 ತೂಕಗಳು (ಗುಣಿಸುವ ಅಂಕಿಗಳು), ಒಟ್ಟು 48. 25 ಹರ್ಟ್ಸ್‌ನಲ್ಲಿ 16 ಎಂದರೆ 0.64 ಸೆಕೆಂಡಿನ ನೆನಪು. ಕಲಿಕೆಯ ವೇಗ ಮ್ಯೂ 0.01ರಿಂದ ಶುರು ಮಾಡಿ 0.05 ತನಕ ಪ್ರಯತ್ನಿಸಿ. ಮ್ಯೂ ಹೆಚ್ಚಾದರೆ ಫಿಲ್ಟರ್ ನಾಡಿಯನ್ನೂ ಅಲುಗಾಟವೆಂದು ತಿಳಿದು ನುಂಗುತ್ತದೆ, ಕಡಿಮೆಯಾದರೆ ನಡಿಗೆ ಓಟವಾದಾಗ ಹಿಂದೆ ಬೀಳುತ್ತದೆ. ಕೈ ಅಲುಗದಿದ್ದಾಗ, ಅಂದರೆ ಕಳೆದ ಎರಡು ಸೆಕೆಂಡಿನ ಆಕ್ಸಿಲರೋಮೀಟರ್ ಏರಿಳಿತ 0.03 ಜಿಗಿಂತ ಕಡಿಮೆಯಿದ್ದಾಗ ತೂಕಗಳನ್ನು ಬದಲಿಸಬೇಡಿ. ಆಗ ಕಲಿಯಲು ಏನೂ ಇಲ್ಲ, ಕಲಿಯಲು ಬಿಟ್ಟರೆ ತಪ್ಪನ್ನೇ ಕಲಿಯುತ್ತದೆ. ಬೆರಳಾಟದ ನಾಯ್ಸ್‌ಗೆ ಆಕ್ಸಿಲರೋಮೀಟರ್ ಬದಲು ಇನ್‌ಫ್ರಾರೆಡ್ ಸಾಲನ್ನು ಆಧಾರವಾಗಿ ಕೊಟ್ಟು ನೋಡಬಹುದು, ಆಳದ ಸರಿದಾಟ ಅದಕ್ಕೆ ಕಾಣುತ್ತದೆ. ಅದರಲ್ಲೂ ಸ್ವಲ್ಪ ನಾಡಿ ಇರುವುದರಿಂದ ಮ್ಯೂ ಇನ್ನೂ ಕಡಿಮೆ ಇಡಿ.

ನಾಡಿಯ ಅಂಕಿ ಮಾತ್ರ ಸಾಕು, ಅಲೆಯ ಆಕಾರ ಬೇಡ ಎನ್ನುವವರಿಗೆ ಎರಡನೆಯ ದಾರಿ ಹೆಚ್ಚು ನಂಬಿಕಸ್ಥ. 8 ಸೆಕೆಂಡಿನ ಕಿಟಕಿ ತೆಗೆದುಕೊಳ್ಳಿ, ಅದು 200 ಮಾದರಿ. ಕಿಟಕಿಯ ಎರಡೂ ತುದಿ ಸೊನ್ನೆಗಿಳಿಸುವ ಹ್ಯಾನ್ ವಿಂಡೋದಿಂದ ಗುಣಿಸಿ, ಸೊನ್ನೆ ತುಂಬಿಸಿ 2048 ಬಿಂದುಗಳ ಎಫ್‌ಎಫ್‌ಟಿ ಮಾಡಿ, ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂಬ ಸ್ಪೆಕ್ಟ್ರಮ್ ಸಿಗುತ್ತದೆ. ಆಗ ಬಿಂದುವಿನಿಂದ ಬಿಂದುವಿಗೆ ನಿಮಿಷಕ್ಕೆ 0.73 ಬಡಿತದ ಅಂತರ. ಹಾಗೆಂದು ಅಷ್ಟು ನಿಖರತೆ ಬಂತೆಂದು ತಿಳಿಯಬೇಡಿ. 8 ಸೆಕೆಂಡಿನ ಕಿಟಕಿಗೆ ಎರಡು ಲಯಗಳನ್ನು ಬೇರ್ಪಡಿಸುವ ಶಕ್ತಿ ಒಂದರ ಎಂಟನೇ ಹರ್ಟ್ಸ್, ಅಂದರೆ ಸುಮಾರು 7.5 ಬಡಿತ. ಹ್ಯಾನ್ ಹಾಕಿದ ಮೇಲೆ ಅದಕ್ಕಿಂತಲೂ ಒರಟು.

ಹಸಿರಿನ ಸ್ಪೆಕ್ಟ್ರಮ್‌ನ ಅತಿ ಎತ್ತರದ ಶಿಖರ 1 ಆಗುವಂತೆ ಭಾಗಿಸಿ. ಆಕ್ಸಿಲರೋಮೀಟರ್‌ನ ಮೂರೂ ಅಕ್ಷಗಳ ಸ್ಪೆಕ್ಟ್ರಮ್ ಕೂಡಿಸಿ ಅದನ್ನೂ ಹಾಗೆಯೇ ಮಾಡಿ. ಈಗ ಪ್ರತಿ ಫ್ರೀಕ್ವೆನ್ಸಿಗೂ ಒಂದು ತೂಕ: ಹಸಿರಿನ ಎತ್ತರವನ್ನು, ಹಸಿರು ಮತ್ತು ಅಲುಗಾಟ ಎರಡರ ಮೊತ್ತದಿಂದ ಭಾಗಿಸಿ. ಆ ತೂಕದ ವರ್ಗದಿಂದ ಹಸಿರನ್ನು ಗುಣಿಸಿ.

ಉದಾಹರಣೆಗೆ ಹೆಜ್ಜೆಯ ಜಾಗದಲ್ಲಿ ಹಸಿರು 1, ಅಲುಗಾಟವೂ 1. ತೂಕ 0.5, ವರ್ಗ 0.25, ಫಲ 0.25. ನಾಡಿಯ ಜಾಗದಲ್ಲಿ ಹಸಿರು 0.4, ಅಲುಗಾಟ 0.05. ತೂಕ 0.89, ವರ್ಗ 0.79, ಫಲ 0.316. ಅರ್ಧಕ್ಕಿಂತ ಗಿಡ್ಡವಿದ್ದ ನಾಡಿಯ ಶಿಖರ ಈಗ ಹೆಜ್ಜೆಯನ್ನು ಮೀರಿ ನಿಂತಿತು. ವರ್ಗ ಮಾಡದೆ ಬಿಟ್ಟಿದ್ದರೆ 0.5ರ ಎದುರು 0.356, ಹೆಜ್ಜೆಯೇ ಗೆಲ್ಲುತ್ತಿತ್ತು.

ಕಿಟಕಿಯನ್ನು 2 ಸೆಕೆಂಡಿಗೊಮ್ಮೆ ಮುಂದೆ ಸರಿಸಿ, ಹಿಂದಿನ ಅಂಕಿಯ ಆಚೀಚೆ 10 ಬಡಿತದೊಳಗೆ ಮಾತ್ರ ಹೊಸ ಶಿಖರ ಹುಡುಕಿ. ಹೃದಯ ಎರಡು ಸೆಕೆಂಡಿನಲ್ಲಿ 80ರಿಂದ 150ಕ್ಕೆ ಜಿಗಿಯುವುದಿಲ್ಲ. ಆದರೆ ಈ ಬೇಲಿಗೊಂದು ಅಪಾಯವಿದೆ. ಮೊದಲ ಅಂಕಿಯೇ ತಪ್ಪಿದರೆ ಟ್ರ್ಯಾಕರ್ ತಪ್ಪಿನೊಳಗೇ ಬಂದಿಯಾಗಿ ಕೂರುತ್ತದೆ. ಆದ್ದರಿಂದ ಮೊದಲ ಅಂಕಿಯನ್ನು ಕೈ ಸ್ಥಿರವಿದ್ದಾಗಲೇ ಹಿಡಿಯಿರಿ. ಐದು ಕಿಟಕಿಗಳಲ್ಲಿ ಸ್ಪಷ್ಟ ಶಿಖರ ಸಿಗದಿದ್ದರೆ ಬೇಲಿಯನ್ನು ಅಗಲ ಮಾಡಿ.

ಹೆಜ್ಜೆಗೆ ಅಂಟಿದೆಯೇ ಎಂದು ತಿಳಿಯುವುದು

ಓಡುವಾಗ 170 ತೋರಿಸುತ್ತಿದೆ, ನಿಮ್ಮ ಹೆಜ್ಜೆಯೂ ನಿಮಿಷಕ್ಕೆ 170 ಎಂದಿಟ್ಟುಕೊಳ್ಳಿ. ಅದು ನಾಡಿಯೋ ಹೆಜ್ಜೆಯೋ? ಗಕ್ಕನೆ ನಿಂತುಬಿಡಿ. ನಿಜವಾದ ನಾಡಿ ಹತ್ತಾರು ಸೆಕೆಂಡುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಹೆಜ್ಜೆಗೆ ಅಂಟಿದ ಅಂಕಿ ಕಿಟಕಿ ದಾಟಿದೊಡನೆ ಬೇರೆಲ್ಲಿಗೋ ಹಾರುತ್ತದೆ. 85 ತೋರಿಸುತ್ತಿದ್ದರೆ ಅದು ಕೈ ಬೀಸಿನ ಲಯವಿರಬಹುದು, ಅದಕ್ಕೂ ಇದೇ ಪರೀಕ್ಷೆ.

ನಾಡಿಯೂ ಹೆಜ್ಜೆಯೂ ನಿಜವಾಗಿಯೇ ಒಂದೇ ಜಾಗಕ್ಕೆ ಬರುವುದುಂಟು. ಆಗ ಮೇಲಿನ ತೂಕ ನಾಡಿಯನ್ನೂ ತಗ್ಗಿಸುತ್ತದೆ. ಹಿಂದಿನ ಅಂಕಿ ಹೆಜ್ಜೆಯಿಂದ 5 ಬಡಿತದೊಳಗೆ ಇದ್ದರೆ ಆ ಕಿಟಕಿಗೆ ತೂಕ ಹಾಕದೆ ಹಿಂದಿನ ಅಂಕಿಯನ್ನೇ ಮುಂದುವರಿಸುವುದು ಕಡಿಮೆ ಹಾನಿಯ ದಾರಿ.

ಅಂಕಿ ತೋರಿಸದಿರುವುದೂ ಕೆಲಸವೇ

ತಪ್ಪು ಅಂಕಿ ನೋಡಿ ಹೆದರಿದವರಿಗೆ, ಅಥವಾ ತಪ್ಪು ಅಂಕಿ ನಂಬಿ ಸುಮ್ಮನಾದವರಿಗೆ, ಆ ಯಂತ್ರ ಇಲ್ಲದಿದ್ದರೇ ಒಳ್ಳೆಯದಿತ್ತು. ಈ ನಾಲ್ಕರಲ್ಲಿ ಯಾವುದೇ ಒಂದು ಕಂಡರೂ ಎರಡು ಅಡ್ಡಗೆರೆ ತೋರಿಸಿ: ಕಿಟಕಿಯೊಳಗೆ ಒಂದಾದರೂ ಓದು ನೆತ್ತಿಗೆ ತಾಗಿದ್ದರೆ, ಓದಿನ ಸರಾಸರಿ ಹಿಂದಿನ ಕಿಟಕಿಗಿಂತ ಶೇ 10ಕ್ಕಿಂತ ಹೆಚ್ಚು ಸರಿದಿದ್ದರೆ, ಅತಿ ಎತ್ತರದ ಶಿಖರ ಎರಡನೆಯದಕ್ಕಿಂತ ಒಂದೂವರೆ ಪಟ್ಟು ಕೂಡ ಇಲ್ಲದಿದ್ದರೆ, ಹೊರಬೆಳಕಿನ ಇಂಟರಪ್ಟ್ ಬಂದಿದ್ದರೆ. ಈ ಅಂಕಿಗಳು ಆರಂಭಕ್ಕೆ, ನಿಮ್ಮ ಡೇಟಾ ನೋಡಿ ಬಿಗಿ ಅಥವಾ ಸಡಿಲ ಮಾಡಿಕೊಳ್ಳಿ.

ಆಮ್ಲಜನಕದ ಮಟ್ಟವನ್ನು ಕೈ ಆಡುವಾಗ ಅಳೆಯಲೇಬೇಡಿ. ಆ ಲೆಕ್ಕ ನಿಂತಿರುವುದು ಕೆಂಪಿನ ಏರಿಳಿತ ಮತ್ತು ಇನ್‌ಫ್ರಾರೆಡ್ ಏರಿಳಿತದ ಅನುಪಾತದ ಮೇಲೆ. ಅಲುಗಾಟ ಎರಡನ್ನೂ ಒಂದೇ ಪ್ರಮಾಣದಲ್ಲಿ ಅಲ್ಲಾಡಿಸಿ ಅನುಪಾತವನ್ನು 1ರ ಕಡೆಗೆ ಎಳೆಯುತ್ತದೆ. ಎಲ್ಲರೂ ಬಳಸುವ ಸರಳ ಸೂತ್ರ 110ರಿಂದ ಅನುಪಾತದ 25 ಪಟ್ಟು ಕಳೆಯುವುದು, ಅನುಪಾತ 1 ಆದರೆ ಉತ್ತರ 85. ಆರೋಗ್ಯವಾಗಿರುವವರ ಕೈಯಲ್ಲಿ ಹಠಾತ್ತಾಗಿ ಶೇ 85ರ ಆಸುಪಾಸು ಕಂಡರೆ ಮೊದಲು ಕೈ ಇಳಿಸಿ, ಬೆಚ್ಚಗೆ ಮಾಡಿ, ಒಂದು ನಿಮಿಷ ಅಲುಗದೆ ಕುಳಿತು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ, ಅಥವಾ ಉಸಿರು ಕಟ್ಟಿದಂತಿದ್ದರೆ, ಮನೆಯಲ್ಲಿ ಮಾಡಿದ ಸೆನ್ಸರ್ ಬದಿಗಿಟ್ಟು ವೈದ್ಯರ ಬಳಿ ಹೋಗಿ. ಇದು ಚಿಕಿತ್ಸೆಗೆ ಬಳಸುವ ಸಾಧನವಲ್ಲ.

ಎದೆಯ ಇಸಿಜಿ ಆದರೆ

ಹೃದಯದ ವಿದ್ಯುತ್ ಸಿಗ್ನಲ್ ಅಳೆಯುವ, ಎಡಿ8232 ಬೋರ್ಡಿನಂಥ ಇಸಿಜಿಯಲ್ಲಿ ಕಥೆ ಬೇರೆ. ಅಲ್ಲಿ ನಾಯ್ಸ್ ಹುಟ್ಟುವುದು ಎಲೆಕ್ಟ್ರೋಡ್ ಅಡಿಯ ಚರ್ಮ ಹಿಗ್ಗಿದಾಗ ಮತ್ತು ವೈರ್ ಜಗ್ಗಿದಾಗ. ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಆರಲು ಬಿಟ್ಟು, ಒರಟು ಬಟ್ಟೆಯಲ್ಲಿ ನಾಲ್ಕೈದು ಸಲ ಮೆಲ್ಲಗೆ ಉಜ್ಜಿ ಅಂಟಿಸಿ. ಮಾಂಸಖಂಡದ ಮೇಲೆ ಬೇಡ, ಕಾಲರ್ ಮೂಳೆಯ ಕೆಳಗೆ ಮತ್ತು ಪಕ್ಕೆಲುಬಿನ ಮೇಲೆ ಇರಲಿ. ಎಲೆಕ್ಟ್ರೋಡ್‌ನಿಂದ ಎರಡು ಇಂಚು ದೂರದಲ್ಲಿ ವೈರ್‌ಗೆ ಒಂದು ಸುತ್ತು ಕೊಟ್ಟು ಮೈಕ್ರೋಪೋರ್ ಟೇಪ್ ಹಾಕಿ, ಜಗ್ಗಿದರೆ ಸುತ್ತು ಬಿಚ್ಚಬೇಕೇ ಹೊರತು ಎಲೆಕ್ಟ್ರೋಡ್ ಎಳೆಯಬಾರದು. ಪೊಟ್ಟಣ ಒಡೆದು ಬಹಳ ದಿನವಾದ ಎಲೆಕ್ಟ್ರೋಡ್‌ನ ಜೆಲ್ ಒಣಗಿರುತ್ತದೆ, ಎಸೆಯಿರಿ. ಬಡಿತ ಎಣಿಸಲು 5ರಿಂದ 15 ಹರ್ಟ್ಸ್‌ನ ಫಿಲ್ಟರ್ ಸಾಕು, ಇಸಿಜಿಯಲ್ಲಿ ಬಡಿತ ಗುರುತಿಸುವ 1985ರ ಪ್ಯಾನ್ ಮತ್ತು ಟಾಂಪ್ಕಿನ್ಸ್ ವಿಧಾನ ಮಾಡುವುದೂ ಅದನ್ನೇ. ಇಲ್ಲಿ ಹೆಜ್ಜೆಯ ಮೂಲ ಲಯ ಫಿಲ್ಟರ್‌ನ ಹೊರಗೆ ಉಳಿಯುತ್ತದೆ. ಎದೆಪಟ್ಟಿ ಮಣಿಕಟ್ಟಿಗಿಂತ ನಂಬಿಕೆಗೆ ಅರ್ಹವಾಗಿರುವುದು ಇದರಿಂದಲೇ.

ಪರೀಕ್ಷೆ

ಎದೆಗೆ ಕಟ್ಟುವ ಇಸಿಜಿ ಪಟ್ಟಿಯನ್ನು ಜೊತೆಗೆ ಧರಿಸಿ ಎರಡೆರಡು ನಿಮಿಷದಂತೆ ಈ ಸರಣಿ ಮಾಡಿ: ಸುಮ್ಮನೆ ಕೂರುವುದು, ಬೆರಳಾಡಿಸುವುದು, ಮುಷ್ಟಿ ಬಿಗಿದು ಬಿಡುವುದು, ರೊಟ್ಟಿ ತಟ್ಟುವಂತೆ ಕೈ ಆಡಿಸುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಓಡುವುದು, ಮತ್ತೆ ಕೂರುವುದು. ಒಂದೊಂದಕ್ಕೂ ಸರಾಸರಿ ವ್ಯತ್ಯಾಸ ಬೇರೆಯಾಗಿ ಬರೆಯಿರಿ. ಎಲ್ಲವನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದರೆ ಕುಳಿತ ಹೊತ್ತಿನ ಒಳ್ಳೆಯ ಅಂಕಿಗಳು ಓಟದ ತಪ್ಪನ್ನು ಮುಚ್ಚಿಹಾಕುತ್ತವೆ. ಅಡ್ಡಗೆರೆ ತೋರಿಸಿದ ಹೊತ್ತು ಶೇಕಡಾ ಎಷ್ಟು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ, ಏಕೆಂದರೆ ಕಷ್ಟದ ಕಿಟಕಿಗಳನ್ನೆಲ್ಲ ಬಿಟ್ಟುಬಿಟ್ಟರೆ ಯಾವ ಸೆನ್ಸರೂ ಚೆನ್ನಾಗಿಯೇ ಕಾಣುತ್ತದೆ.

ಸಾಮಾನು ಕೈಗೆ ಬರುವ ಮುಂಚೆ ಕೋಡ್ ಪರೀಕ್ಷಿಸಬೇಕೆಂದರೆ ಎರಡು ತೆರೆದ ಡೇಟಾ ಸಂಗ್ರಹಗಳಿವೆ. ಐಟ್ರಿಪಲ್‌ಇ ಸಿಗ್ನಲ್ ಪ್ರೊಸೆಸಿಂಗ್ ಕಪ್ 2015ರದ್ದರಲ್ಲಿ ಟ್ರೆಡ್‌ಮಿಲ್ ಓಟದ ಹಸಿರು ಬೆಳಕಿನ ಸಿಗ್ನಲ್, ಮೂರು ಅಕ್ಷದ ಆಕ್ಸಿಲರೋಮೀಟರ್, ಇಸಿಜಿ, ಎಲ್ಲವೂ 125 ಹರ್ಟ್ಸ್‌ನಲ್ಲಿವೆ. 2019ರ ಪಿಪಿಜಿ-ಡಾಲಿಯಾದಲ್ಲಿ 15 ಜನರ ದಿನಚರಿಯ ಚಟುವಟಿಕೆಗಳಿವೆ, ಮೆಟ್ಟಿಲು, ಸೈಕಲ್, ಊಟ, ಕಾರು ಓಡಿಸುವುದು ಎಲ್ಲ. ಮೊದಲನೆಯದರಲ್ಲಿ ಚೆನ್ನಾಗಿ ಓಡಿದ ಕೋಡ್ ಎರಡನೆಯದರಲ್ಲಿ ಮುಗ್ಗರಿಸುವುದು ಸಾಮಾನ್ಯ. ಟ್ರೆಡ್‌ಮಿಲ್ ಓಟಕ್ಕೆ ಒಂದು ಲಯವಿದೆ, ಆಕ್ಸಿಲರೋಮೀಟರ್ ಅದನ್ನು ಹಿಡಿಯುತ್ತದೆ. ಊಟ ಮಾಡುವ ಕೈಗೆ ಲಯವಿಲ್ಲ. ಅಲ್ಲಿ ತಪ್ಪು ಹೆಚ್ಚಿದ್ದರೆ ಕೋಡ್ ತಿದ್ದುವ ಮುಂಚೆ ಪಟ್ಟಿಯ ಮೇಲಿನ ಪೆನ್ನಿನ ಗೆರೆಯನ್ನು ಇನ್ನೊಮ್ಮೆ ನೋಡಿ.